ಬಜ್ಪೆಯ ಗುಡ್ಡ ಮತ್ತು ಇಪ್ಪತ್ತು ವರ್ಷದ ಲೆಕ್ಕ

ನಮ್ಮ ಬ್ಯಾರಿ ಮನೆಗಳಲ್ಲಿ ವಿಮಾನ ನಿಲ್ದಾಣ ನೋಡದವರು ಕಡಿಮೆ. ಮಗನನ್ನು ಗಲ್ಫಿಗೆ ಬಿಡಲು, ಅಳಿಯನನ್ನು ಕರೆತರಲು, ಉಮ್ರಾಕ್ಕೆ ಹೊರಟವರಿಗೆ ಸಲಾಂ ಹೇಳಲು ಬಜ್ಪೆಯ ಗುಡ್ಡ ಹತ್ತಿದವರು ನಾವು. ಆದರೆ ಆ ನಿಲ್ದಾಣ ಇಪ್ಪತ್ತು ವರ್ಷದ ನಂತರ ಹೇಗಿರಬೇಕು ಎಂಬ ಮಾತು ನಮ್ಮ ಜಮಾಅತ್ ಸಭೆಗಳಲ್ಲಿ ಬರುವುದು ಅಪರೂಪ. ಟಿಕೆಟ್ ದರ ಏರಿದಾಗ ಮಾತ್ರ ನಮಗೆ ಸಿಟ್ಟು ಬರುತ್ತದೆ.

1951ರಲ್ಲಿ ನೆಹರೂ ಉದ್ಘಾಟಿಸಿದ ಈ ನಿಲ್ದಾಣದ ಹಳೆಯ ರನ್‌ವೇ 1,615 ಮೀಟರ್. 2,450 ಮೀಟರಿನ ಹೊಸ ರನ್‌ವೇ ಬಂದದ್ದು 2006ರಲ್ಲಿ. ದುಬೈ ವಿಮಾನ ಶುರುವಾದದ್ದೂ ಅದೇ ವರ್ಷ. ಅಲ್ಲಿಯವರೆಗೆ ನಮ್ಮ ಹಿರಿಯರು ಗಲ್ಫಿಗೆ ಹೋಗಲು ಬಸ್ಸು ಹತ್ತಿ ಬೊಂಬಾಯಿಗೆ ಹೋದವರು. ಅರ್ಧ ಶತಮಾನ ಮುಂದಾಲೋಚನೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಬೇರೆ ಉದಾಹರಣೆ ಬೇಡ.

2010ರ ಮೇ 22ನ್ನು ಮರೆಯಲು ನಮ್ಮಿಂದ ಸಾಧ್ಯವಿಲ್ಲ. ದುಬೈಯಿಂದ ಬಂದ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿತ್ತು. 158 ಮಂದಿ ತೀರಿಹೋದರು, ಉಳಿದವರು ಎಂಟೇ ಜನ. ಅಪಾಯ ಕಂಡೂ ಕ್ಯಾಪ್ಟನ್ ಇಳಿಸುವುದನ್ನು ಕೈಬಿಡದೆ ಇದ್ದದ್ದೇ ನೇರ ಕಾರಣ ಎಂದು ತನಿಖೆ ಹೇಳಿತು. ಅದು ಸರಿಯೇ. ಆದರೆ ಮನುಷ್ಯ ತಪ್ಪುತ್ತಾನೆ. ತಪ್ಪಿದಾಗ ವಿಮಾನ ನಿಲ್ಲಲು ಜಾಗ ಉಂಟೋ ಇಲ್ಲವೋ ಎಂಬುದು ಯೋಜನೆ ಮಾಡುವವರ ಕೆಲಸ. ರನ್‌ವೇ ತುದಿಯ ಸುರಕ್ಷತಾ ಜಾಗ 240 ಮೀಟರ್ ಇದ್ದರೆ ಒಳ್ಳೆಯದು ಎಂಬುದು ಅಂತರರಾಷ್ಟ್ರೀಯ ಶಿಫಾರಸು. ಗುಡ್ಡದ ತಲೆ ಕಡಿದು ಮಾಡಿದ ನಿಲ್ದಾಣದಲ್ಲಿ ಅದಕ್ಕೆ ಮಣ್ಣು ತುಂಬಬೇಕು, ಜಾಗ ಬೇಕು, ಹಣ ಬೇಕು. ಇಂಥದೇ ಗುಡ್ಡದ ಮೇಲಿನ ಕೋಝಿಕ್ಕೋಡಿನಲ್ಲಿ 2020ರಲ್ಲಿ 21 ಜೀವ ಹೋಯಿತು. ಇನ್ನೂ ಯಾವ ಪಾಠ ಬೇಕು?

ಹಜ್ ವಿಚಾರವೂ ಇದರಲ್ಲಿ ಸೇರಿದೆ. ಕೆಲವು ವರ್ಷ ನಮ್ಮ ಹಜ್ಜಾಜಿಗಳು ಇಲ್ಲಿಂದಲೇ ಹೊರಡುತ್ತಿದ್ದರು. 2022ರಲ್ಲಿ ದೇಶದ ಹತ್ತೇ ಊರುಗಳ ಪಟ್ಟಿಯಾಯಿತು, ಮಂಗಳೂರು ಅದರಲ್ಲಿರಲಿಲ್ಲ. ವಯಸ್ಸಾದವರಿಗೆ ಘಾಟಿ ಹತ್ತಿ ಬೆಂಗಳೂರು ತಲುಪುವುದೇ ಒಂದು ಸಫರ್. ದೊಡ್ಡ ವಿಮಾನಕ್ಕೆ ಉದ್ದ ರನ್‌ವೇ ಬೇಕು. 2018ರಲ್ಲಿ ತೆರೆದ ಕಣ್ಣೂರಿನಲ್ಲಿ 3,050 ಮೀಟರ್ ಉಂಟು.

ಹಾಗಂತ ಜಾಗ ಕೊಡುವವರನ್ನು ಮರೆಯಬಾರದು. ಗುಡ್ಡದ ಸುತ್ತ ಕೆಂಜಾರು, ಅದ್ಯಪಾಡಿ ಕಡೆಯ ಬಡವರ ಮನೆ, ತೋಟ ಹೋದರೆ ನ್ಯಾಯವಾದ ಬೆಲೆ, ಬೇರೆ ಮನೆ, ಮಕ್ಕಳಿಗೆ ಕೆಲಸ ಮೊದಲೇ ಲಿಖಿತವಾಗಿ ಸಿಗಬೇಕು. ನಮ್ಮ ಪ್ರಯಾಣದ ಸುಖ ಇನ್ನೊಬ್ಬನ ಕಣ್ಣೀರಿನ ಮೇಲೆ ನಿಲ್ಲುವುದು ಬೇಡ.

ನಿಲ್ದಾಣ 2020ರಿಂದ 50 ವರ್ಷಕ್ಕೆ ಅದಾನಿ ಸಮೂಹದ ಗುತ್ತಿಗೆಯಲ್ಲಿದೆ. ಆ ವರ್ಷ ಹುಟ್ಟಿದ ಮಗುವಿಗೆ ಗುತ್ತಿಗೆ ಮುಗಿಯುವಾಗ 50 ವರ್ಷ. ಇಷ್ಟು ದೀರ್ಘ ಕಾಲದ ಯೋಜನೆ ಏನು ಎಂಬುದನ್ನು ಜನರಿಗೆ ಕನ್ನಡದಲ್ಲಿ ತೋರಿಸಲಿ. ನಮ್ಮ ಸಂಘಟನೆಗಳು, ಶಾಸಕರು, ಸಂಸದರು ಒಟ್ಟಾಗಿ ಕೇಳಲಿ. ಇದು ಬ್ಯಾರಿಗಳದ್ದು ಮಾತ್ರವಲ್ಲ, ಜಿಲ್ಲೆಯ ಎಲ್ಲರ ಪ್ರಶ್ನೆ.

ಯೂಸುಫ್ ಪ್ರವಾದಿಯವರ ಚರಿತ್ರೆಯನ್ನು ಮದ್ರಸದಲ್ಲಿ ಮಕ್ಕಳಿಗೆ ಕಲಿಸುತ್ತೇವೆ. ಏಳು ಸುಭಿಕ್ಷದ ವರ್ಷಗಳಲ್ಲಿ ಧಾನ್ಯ ಕೂಡಿಟ್ಟದ್ದರಿಂದ ಏಳು ಬರದ ವರ್ಷಗಳಲ್ಲಿ ನಾಡು ಉಳಿಯಿತು. ಮುಂದಾಲೋಚನೆ ತವಕ್ಕುಲಿಗೆ ವಿರುದ್ಧವಲ್ಲ, ಅದರ ಭಾಗವೇ. ಮಕ್ಕಳಿಗೆ ಹೇಳುವ ಈ ಪಾಠವನ್ನು ದೊಡ್ಡವರಾದ ನಾವೂ ಒಮ್ಮೆ ಓದಿಕೊಳ್ಳೋಣ.