ಅಭ್ಯಾಸ ಪರೀಕ್ಷೆ ಉಳ್ಳವರ ಸೊತ್ತಲ್ಲ

ಕಾಲೇಜಿನ ಸೀಟು ಸಂತೆಯ ಸರಕಾಗಬಾರದೆಂದು ನಮ್ಮ ರಾಜ್ಯವು 1984ರಲ್ಲಿಯೇ ಕ್ಯಾಪಿಟೇಷನ್ ಶುಲ್ಕವನ್ನು ನಿಷೇಧಿಸಿ ಕಾಯ್ದೆ ಮಾಡಿತು. ಸೀಟು ಹಣದ ಥೈಲಿಗಲ್ಲ, ಓದಿದ ತಲೆಗೆ ಸಿಗಬೇಕೆಂಬುದು ಅದರ ಹಿಂದಿನ ನ್ಯಾಯ. ಸಿ.ಇ.ಟಿ. ಎಂಬ ಸಾಮಾನ್ಯ ಪ್ರವೇಶ ಪರೀಕ್ಷೆಯೂ ಇದೇ ನ್ಯಾಯದ ಮೇಲೆ ನಿಂತಿದೆ. ಆದರೆ ಮುಂಬಾಗಿಲಲ್ಲಿ ತಡೆದ ಥೈಲಿ ಹಿತ್ತಲ ಬಾಗಿಲಿನಿಂದ ಒಳಗೆ ಬಂದಿದೆ. ಅಂದು ಸೀಟಿಗೆ ಸುರಿಯುತ್ತಿದ್ದ ಹಣವನ್ನು ಉಳ್ಳವರು ಇಂದು ತರಬೇತಿಗೆ ಸುರಿಯುತ್ತಿದ್ದಾರೆ. ಅವರ ಮಕ್ಕಳು ನಿಜವಾದ ಪರೀಕ್ಷೆಗೆ ಮೊದಲು ಹತ್ತಾರು ಅಭ್ಯಾಸ ಪರೀಕ್ಷೆ ಬರೆಯುತ್ತಾರೆ. ನಮ್ಮ ಮಕ್ಕಳಿಗೆ ನಿಜವಾದ ಪರೀಕ್ಷೆಯೇ ಮೊದಲ ಪರೀಕ್ಷೆ!

ಸಾಗರ, ಹೊಸನಗರ, ತೀರ್ಥಹಳ್ಳಿಗಳ ಗಿರಣಿ ಕೆಲಸಗಾರರ, ಸಣ್ಣ ಅಂಗಡಿಯವರ ಮಕ್ಕಳು ದಡ್ಡರಲ್ಲ. ಪಾಠ ಹೇಳಿದ ಅನುಭವದಿಂದ ನಾವು ಇದನ್ನು ಬಲ್ಲೆವು. ಅಕ್ಕಿ ಗಿರಣಿಯ ಹಮಾಲರೊಬ್ಬರ ಮಗಳು ಸಿ.ಇ.ಟಿ. ಬರೆದು ಬಂದು ನಮ್ಮೆದುರು ಕಣ್ಣೀರಿಟ್ಟಳು. ಒಂಬತ್ತು ಪ್ರಶ್ನೆಗಳನ್ನು ಆಕೆ ಖಾಲಿ ಬಿಟ್ಟಿದ್ದಳು. ಏಕೆಂದು ಕೇಳಿದೆವು. "ತಪ್ಪಾದರೆ ಅಂಕ ಕಳೆಯುತ್ತಾರಲ್ಲ ಸಾರ್" ಎಂದಳು. ಸಿ.ಇ.ಟಿ.ಯಲ್ಲಿ ತಪ್ಪಿಗೆ ಅಂಕ ಕಳೆಯುವುದಿಲ್ಲ! ಅವಳಿಗೆ ಪಾಠ ಗೊತ್ತಿತ್ತು; ಪರೀಕ್ಷೆಯ ಪದ್ಧತಿಯನ್ನು ಹೇಳಿಕೊಟ್ಟವರಿರಲಿಲ್ಲ. ಆ ತಪ್ಪಿನಲ್ಲಿ ನಮ್ಮ ಪಾಲೂ ಇದೆ.

ಪದ್ಧತಿಯೇನು? ಸಿ.ಇ.ಟಿ.ಯಲ್ಲಿ ಒಂದೊಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ಎಂದರೆ ಪ್ರಶ್ನೆಯೊಂದಕ್ಕೆ 80 ಸೆಕೆಂಡು. ಇಲ್ಲಿ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು. ವೈದ್ಯಕೀಯದ ನೀಟ್ ಪರೀಕ್ಷೆಯ ರೀತಿ ಬೇರೆ. 2025ರಲ್ಲಿ ಅಲ್ಲಿ 180 ಪ್ರಶ್ನೆಗೆ 180 ನಿಮಿಷವಿತ್ತು; ಸರಿಯುತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಡಿತ. ಒಂದರ ಅಭ್ಯಾಸ ಇನ್ನೊಂದಕ್ಕೆ ಸಾಲದು. ಸೈಕಲ್ಲಿನ ವಿಷಯ ಪುಸ್ತಕದಲ್ಲಿ ಓದಿ ಯಾರೂ ಸೈಕಲ್ ಕಲಿತಿಲ್ಲ. ಹತ್ತಿ ತುಳಿದೇ ಕಲಿಯಬೇಕು.

ಸೋತರೆ ಹೋಗುವುದೇನು? ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯ ನಮ್ಮದೇ ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿದೆ. ನೆಲ ನಮ್ಮದು, ಅಲ್ಲಿ ಕಲಿಸುವ ಅಡಿಕೆ, ಭತ್ತದ ವಿದ್ಯೆ ನಮ್ಮ ಬದುಕಿನದು. ಅದರ ಬೀಗದ ಕೈ ಮಾತ್ರ ಸಿ.ಇ.ಟಿ. ರ್‍ಯಾಂಕಿನಲ್ಲಿದೆ. ಮನೆಯಂಗಳದ ವಿಶ್ವವಿದ್ಯಾಲಯಕ್ಕೆ ನಮ್ಮ ಮಕ್ಕಳೇ ಪರಕೀಯರಾಗಬೇಕೇ?

ಸರ್ಕಾರ ಏನೂ ಮಾಡಿಲ್ಲವೆಂದು ನಾವು ಹೇಳುವುದಿಲ್ಲ. 2020ರಲ್ಲಿ 'ಗೆಟ್ ಸಿಇಟಿ ಗೋ' ಎಂಬ ಉಚಿತ ಆನ್‌ಲೈನ್ ತರಬೇತಿಯನ್ನು ಅದು ಆರಂಭಿಸಿತು. ಆದರೆ ಆನ್‌ಲೈನ್ ಪಾಠಕ್ಕೆ ನೆಟ್‌ವರ್ಕ್ ಬೇಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು, ನಾಡಿನ ದೀಪಕ್ಕಾಗಿ ಸಾಗರ, ಹೊಸನಗರಗಳ ಹಳ್ಳಿಗಳು ಮುಳುಗಿದವು. ಆ ಹಿನ್ನೀರಿನ ಮಕ್ಕಳು ಸಿಗ್ನಲ್ಲಿಗಾಗಿ ಗುಡ್ಡ ಹತ್ತುವುದನ್ನು ನಾವು ಕಂಡಿದ್ದೇವೆ. 2024ರ ಸಿ.ಇ.ಟಿ.ಯಲ್ಲಿ ಪಠ್ಯದ ಹೊರಗಿನ ಪ್ರಶ್ನೆಗಳು ಬಂದು, ಕಡೆಗೆ ಪರೀಕ್ಷಾ ಪ್ರಾಧಿಕಾರವೇ 50 ಪ್ರಶ್ನೆಗಳನ್ನು ಕೈಬಿಟ್ಟಿತು. ಪ್ರಶ್ನೆ ಕೈಬಿಟ್ಟರು ಸರಿ. ಅವುಗಳ ಮೇಲೆ ಮಕ್ಕಳು ಕಳೆದ ನಿಮಿಷಗಳನ್ನು ಹಿಂದಿರುಗಿಸಿದವರು ಯಾರು?

ಸರ್ಕಾರವನ್ನು ಕೇಳುವುದು ನಮ್ಮ ಹಕ್ಕು. ಕೇಳುತ್ತ ಕೈಕಟ್ಟಿ ಕೂರುವುದು ಸಲ್ಲದು. ಅಭ್ಯಾಸ ಪರೀಕ್ಷೆಗೆ ಲಕ್ಷ ರೂಪಾಯಿ ಬೇಡ. ಒಂದು ಕೋಣೆ, ಒಂದು ಗಡಿಯಾರ, ಹಳೆಯ ಪ್ರಶ್ನೆಪತ್ರಿಕೆ, ಉತ್ತರ ಗುರುತಿಸುವ ಓ.ಎಂ.ಆರ್. ಹಾಳೆಯ ನಕಲು, ಒಬ್ಬ ಮೇಷ್ಟರು, ಇಷ್ಟು ಸಾಕು. ಹಳೆಯ ಪತ್ರಿಕೆಗಳೂ ಸರಿಯುತ್ತರಗಳೂ ಪ್ರಾಧಿಕಾರದ ಜಾಲತಾಣದಲ್ಲಿ ಬಿಟ್ಟಿ ಸಿಗುತ್ತವೆ. ಮೇಷ್ಟರು ಅವನ್ನು ಈಗಿನ ಪಠ್ಯದೊಡನೆ ಹೋಲಿಸಿ, ಪಠ್ಯದಲ್ಲಿಲ್ಲದ್ದನ್ನು ಹೊಡೆದುಹಾಕಲಿ.

ಮೂರು ತಾಲ್ಲೂಕು ಪೇಟೆಗಳಲ್ಲಿಯೂ ಭಾನುವಾರಗಳಂದು, ನಿಜವಾದ ಪರೀಕ್ಷೆಯ ಹೊತ್ತಿಗೇ, ಹತ್ತೂವರೆಗೂ ಎರಡೂವರೆಗೂ, ಮಕ್ಕಳನ್ನು ಕೂರಿಸೋಣ. ಫೋನು ಹೊರಗಿರಲಿ. ಮುಗಿದ ಮೇಲೆ ಅಂಕ ಕೂಗಿ ಯಾರನ್ನೂ ನಾಚಿಸುವುದು ಬೇಡ. ಪ್ರತಿಯೊಬ್ಬರೂ ತಮ್ಮ ತಪ್ಪುಗಳನ್ನು ಮೂರು ಪಟ್ಟಿಯಾಗಿ ಬರೆದುಕೊಳ್ಳಲಿ: ತಿಳಿಯದ್ದು, ಅವಸರದಲ್ಲಿ ಕೆಟ್ಟದ್ದು, ಹೊತ್ತು ಸಾಲದ್ದು. ಮೊದಲನೆಯದಕ್ಕೆ ಮದ್ದು ಪಾಠ. ಉಳಿದೆರಡಕ್ಕೆ ಮತ್ತೆ ಮತ್ತೆ ಅಭ್ಯಾಸ. ತರಗತಿಯ ಪಾಠವನ್ನೂ ಅಲಕ್ಷಿಸದಿರಲಿ. ಇಂಜಿನಿಯರಿಂಗ್ ರ್‍ಯಾಂಕಿಗೆ ಪಿ.ಯು.ಸಿ. ಅಂಕ ಅರ್ಧ, ಸಿ.ಇ.ಟಿ. ಅಂಕ ಅರ್ಧ.

ಅಂಗಡಿಯ ಮಿತ್ರರೇ, ಭಾನುವಾರ ಬೀಗ ಹಾಕಿರುವ ನಿಮ್ಮ ಮಳಿಗೆಯ ಮೇಲಿನ ಕೋಣೆ ಕೊಡಿ, ಜೆರಾಕ್ಸ್ ಖರ್ಚು ಹಂಚಿಕೊಳ್ಳಿ. ಗಿರಣಿಯ ಬಂಧುಗಳೇ, ಆ ಒಂದು ದಿನ ಮಕ್ಕಳನ್ನು ಬೇರೆ ಕೆಲಸಕ್ಕೆ ಹಚ್ಚದೆ ಕಳಿಸಿ. ನಿವೃತ್ತ ಮೇಷ್ಟರುಗಳೇ, ಮತ್ತೊಮ್ಮೆ ಸೀಮೆಸುಣ್ಣ ಹಿಡಿಯಿರಿ. ನಾವೂ ನಿಮ್ಮೊಡನೆ ಹಿಡಿಯುತ್ತೇವೆ. ಒಂಬತ್ತು ಪ್ರಶ್ನೆಗಳನ್ನು ಖಾಲಿ ಬಿಟ್ಟು ಅತ್ತ ಆ ಹುಡುಗಿಯೇ ಕೊನೆಯವಳಾಗಲಿ.