ಮನೆಯ ಮಾತು: ಗ್ರಿಮ್ಮನ ಬೀಜದ ಗಂಟು

ಮಣಲಿಗೆ ನಾವು ಸಂಸಾರ ತಂದ ವರ್ಷ ನಮ್ಮತ್ತೆಯವರ ಟ್ರಂಕಿನ ತಳದಲ್ಲಿ, ಹಳೆಯ ಪಂಚೆಯ ಚೂರಿನಲ್ಲಿ ಕಟ್ಟಿದ ಅವರೆಬೀಜದ ಗಂಟೊಂದಿತ್ತು. “ಚೆನ್ನೈಯಲ್ಲಿ ಅಂಗಡಿಗಳೇ ಇಲ್ಲವೇನಮ್ಮಾ?” ಎಂದು ಎಲ್ಲರೂ ನಕ್ಕೆವು. ಅವರು ಮಾತಾಡದೆ ಹಿತ್ತಲ ಗೋಡೆಯ ಬದಿಗೆ ಹತ್ತು ಬೀಜ ಊರಿದರು. ಉಪ್ಪುನೀರಿನ ನೆಲ, ಎಂಟು ಸತ್ತವು. ಉಳಿದೆರಡು ಬಳ್ಳಿಗಳಲ್ಲಿ ಒಂದು ಹಿಡಿಯಷ್ಟು ಕಾಯಿ ಬಂತು. ಅಷ್ಟನ್ನೂ ಕಿತ್ತು ಹುಳಿ ಮಾಡಿ ಉಂಡೆವು. ಈಚೆಗೆ ಅಮೆರಿಕೆಯ ರೈತನೊಬ್ಬನ ಸಂಗತಿ ಓದಿದಂದಿನಿಂದ ಆ ಹುಳಿ ನೆನಪಾದಾಗಲೆಲ್ಲ ಕಸಿವಿಸಿಯಾಗುತ್ತದೆ.

ಆತನ ಹೆಸರು ವೆಂಡಲಿನ್ ಗ್ರಿಮ್. 1818ರಲ್ಲಿ ಹುಟ್ಟಿದವನು, ಜರ್ಮನಿಯ ಬಾಡೆನ್ ಸೀಮೆಯ ಕುಲ್ಸ್‌ಹೈಮ್ ಊರಿನವನು. 1857ರಲ್ಲಿ ಹೆಂಡತಿ ಜೂಲಿಯಾನಾಳನ್ನೂ ಮಕ್ಕಳನ್ನೂ ಕಟ್ಟಿಕೊಂಡು ಹಡಗು ಹತ್ತಿ, ಅಮೆರಿಕೆಯ ನಡುಸೀಮೆಯ ಉತ್ತರ ತುದಿಗಿರುವ ಮಿನೆಸೋಟಾಕ್ಕೆ ಬಂದು, ಕಾರ್ವರ್ ಕೌಂಟಿಯಲ್ಲಿ ಭೂಮಿ ಮಾಡಿದ. ಮಿನೆಸೋಟಾ ಒಂದು ರಾಜ್ಯವೆನಿಸಿದ್ದೇ ಮರುವರ್ಷ.

ಗಂಟುಮೂಟೆಯ ನಡುವೆ ಇಪ್ಪತ್ತು ಪೌಂಡಿನ ಒಳಗೆ, ಅಂದರೆ ಎಂಟೊಂಬತ್ತು ಕಿಲೋದಷ್ಟು, ಮೇವಿನ ಬೀಜವಿತ್ತು. ನಮ್ಮ ರೈತರು ಕುದುರೆ ಮಸಾಲೆ ಎನ್ನುವ ಗಿಡವೇ ಅದು. ಒಮ್ಮೆ ಬಿತ್ತಿದರೆ ಹಲವು ವರ್ಷ ಕೊಯ್ಯಬಹುದು. ಬೇರು ಆಳಕ್ಕಿಳಿಯುವುದರಿಂದ ಬರಕ್ಕೆ ಬೇಗ ಬಾಗದು. ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕವನ್ನು ಹಿಡಿದಿಟ್ಟು ನೆಲಕ್ಕೂ ಗೊಬ್ಬರವಾಗುತ್ತದೆ. ಅದಕ್ಕೇ ಆ ಜರ್ಮನರು ಅದನ್ನು ‘ಎಂದೆಂದಿಗೂ ಇರುವ ಮೇವು’ ಎಂದು ಕರೆಯುತ್ತಿದ್ದರು.

ಆದರೆ ಬಾಡೆನ್ನಿನ ಚಳಿ ಬೇರೆ, ಮಿನೆಸೋಟಾದ ಚಳಿ ಬೇರೆ. ಅಲ್ಲಿ ಶೂನ್ಯದ ಕೆಳಗೆ ಮೂವತ್ತು ಡಿಗ್ರಿಗೂ ಇಳಿಯುವುದುಂಟು. 1858ರಲ್ಲಿ ಬಿತ್ತಿದ್ದು ಚಳಿಗಾಲದಲ್ಲಿ ಬಹುಪಾಲು ಸತ್ತಿತು. ಬದುಕುಳಿದ ಗಿಡಗಳಿಂದ ಗ್ರಿಮ್ ಬೀಜ ಆಯ್ದು ಮತ್ತೆ ಬಿತ್ತಿದ. ಮತ್ತೆ ಚಳಿ, ಮತ್ತೆ ಸಾವು, ಮತ್ತೆ ಆಯುವಿಕೆ. ಹೀಗೆ ವರ್ಷಗಟ್ಟಲೆ. ಡಾರ್ವಿನ್ ಮಹಾಶಯನ ಗ್ರಂಥ ಹೊರಬಿದ್ದದ್ದು 1859ರಲ್ಲಿ. ಗ್ರಿಮ್ಮನ ಹೊಲ ಅದಕ್ಕಾಗಿ ಕಾದಿರಲಿಲ್ಲ! ಒಂದು ಮಾತು ನೋಡಿ: ಬೀಜಕ್ಕೆಂದು ಬಿಟ್ಟ ಗಿಡ ದನದ ಬಾಯಿಗೆ ಸೇರುವುದಿಲ್ಲ. ಹೊಸ ನಾಡು, ಮಕ್ಕಳು, ಕೊಟ್ಟಿಗೆಯಲ್ಲಿ ಹಸಿದ ದನ. ಜೂಲಿಯಾನಾ ಗೊಣಗಿರಬೇಕೆಂದು ನನ್ನ ಊಹೆ. ನಾನಾದರೆ ಗೊಣಗುತ್ತಿದ್ದೆ.

ಮುಂದೊಂದು ವರ್ಷ ಮುಸುಕಿನ ಜೋಳಕ್ಕೆ ಅಭಾವ ಬಂದು ನೆರೆಯವರ ದನಗಳು ಬಡಕಲಾಗಿದ್ದಾಗ ಗ್ರಿಮ್ಮನ ದನಗಳು ಮಾತ್ರ ಮೈತುಂಬಿಕೊಂಡು ಸಂತೆಗೆ ಹೊರಟುವಂತೆ. “ಜೋಳ ಎಲ್ಲಿಂದ ತಂದೆ?” ಎಂದು ಒಬ್ಬ ಕೇಳಿದ. ಒಂದು ಕಾಳೂ ಇಲ್ಲ, ಬರಿಯ ಆ ಮೇವು ಎಂದನಂತೆ ಗ್ರಿಮ್.

ಆಸುಪಾಸಿನ ಜರ್ಮನ್ ರೈತರೂ ಆ ಬೀಜ ಬಿತ್ತಿದರು. ಅದರಾಚೆ ಯಾರಿಗೂ ತಿಳಿಯದೆ 1890ರಲ್ಲಿ ಗ್ರಿಮ್ ತೀರಿಕೊಂಡ. ಬೇರೆಡೆಯಿಂದ ತಂದ ಬೀಜ ಚಳಿಗೆ ಸತ್ತರೂ ಈ ಬೀಜ ಬದುಕುವುದನ್ನು ಗಮನಿಸಿದವನು ಆರ್ಥರ್ ಲೈಮನ್ ಎಂಬ ಆ ಕಡೆಯ ಇನ್ನೊಬ್ಬ ರೈತ. 1900ರ ಸುಮಾರಿಗೆ ಆತ ಮಿನೆಸೋಟಾ ವಿಶ್ವವಿದ್ಯಾನಿಲಯದ ವಿಲ್ಲೆಟ್ ಹೇಸ್ ಅವರಿಗೆ ತಿಳಿಸಿದ. ಪ್ರಯೋಗಗಳಾದುವು, ‘ಗ್ರಿಮ್’ ಎಂಬ ಹೆಸರಿನಿಂದಲೇ ಆ ತಳಿ ಚಳಿಯ ಸೀಮೆಗಳಿಗೆಲ್ಲ ಹಬ್ಬಿತು. ನೇರಳೆ ಹೂವಿನ ಜಾತಿಗೆ ಹಳದಿ ಹೂವಿನ ಗಟ್ಟಿ ಜಾತಿಯ ರಕ್ತ ಬೆರೆತಿತ್ತೆಂದೂ, ದುರ್ಬಲವಾದುದನ್ನೆಲ್ಲ ಚಳಿಯೇ ಕಳೆಕಿತ್ತಿತೆಂದೂ ವಿಜ್ಞಾನಿಗಳು ಹೇಳುತ್ತಾರೆ. 1924ರಲ್ಲಿ ಆ ಹೊಲದಲ್ಲಿ ಸ್ಮಾರಕ ನಿಲ್ಲಿಸಿದರು. 1940ರ ದಶಕದಿಂದೀಚೆಗೆ ಬಾಡುರೋಗ ತಡೆಯುವ ಹೊಸ ತಳಿಗಳು ಬಂದು ಗ್ರಿಮ್ ತಳಿ ಹಿಂದೆ ಸರಿಯಿತು. ಮನೆ ಮಾತ್ರ ಉಳಿದಿದೆ, ಈಗ ಒಂದು ದೊಡ್ಡ ಉದ್ಯಾನವನದ ಒಳಗೆ.

ನಮ್ಮತ್ತೆಯವರು ಆಮೇಲೆ ಬೀಜ ತರಿಸಲಿಲ್ಲ, ನಾವೂ ಕೇಳಲಿಲ್ಲ. ಹಾಸನದ ಕಡೆಗೆ ಹೋಗಿಬರುವ ಬಂಧುಗಳು ಯಾರಾದರೂ ಈ ಸಲ ಹತ್ತು ಅವರೆಬೀಜ ತಂದುಕೊಟ್ಟರೆ ಉಪಕಾರವಾದೀತು. ಗೋಡೆಯ ಬದಿ ಇನ್ನೂ ಖಾಲಿಯಿದೆ.