ಇ.ಸಿ.ಜಿ. ಸರಿಯಿದ್ದರೆ ಸಾಕೇ?

“ಇ.ಸಿ.ಜಿ. ನಾರ್ಮಲ್ ಬಂದಿದೆ, ಇನ್ನೇನೂ ಭಯವಿಲ್ಲ” ಎಂಬ ಮಾತು ನಮ್ಮ ದೊಡ್ಡೇರಿಯ ಕಡೆ ಆಗಾಗ ಕಿವಿಗೆ ಬೀಳುತ್ತದೆ. ಈ ಸಮಾಧಾನ ಅರ್ಧ ಮಾತ್ರ ಸರಿ ಎಂಬುದು ನನ್ನ ಅಭಿಪ್ರಾಯ. ಇ.ಸಿ.ಜಿ. ಹೃದಯದ ವಿದ್ಯುತ್ ಸಂಚಾರವನ್ನು ತೋರಿಸುತ್ತದೆ. ಹೃದಯದಿಂದ ಹೊರಟು ಎದೆ, ಹೊಟ್ಟೆಗಳನ್ನು ಹಾದು ಇಳಿಯುವ ಮಹಾಪಧಮನಿಯ ಗೋಡೆ ಹೇಗಿದೆಯೆಂಬುದನ್ನು ಅದು ಹೇಳಲಾರದು.

ಹೊಟ್ಟೆಯ ಭಾಗದಲ್ಲಿ ಈ ರಕ್ತನಾಳದ ಅಗಲ ಸಾಮಾನ್ಯವಾಗಿ ಸುಮಾರು 2 ಸೆಂ.ಮೀ. ಸವೆದ ಸೈಕಲ್ ಟ್ಯೂಬಿನಂತೆ ಅದು ಉಬ್ಬಿ 3 ಸೆಂ.ಮೀ. ಮುಟ್ಟಿದರೆ ವೈದ್ಯರು ರೋಗವೆಂದು ಗಣಿಸುತ್ತಾರೆ. ಬಹುತೇಕರಿಗೆ ಯಾವ ನೋವೂ ಇರುವುದಿಲ್ಲ. ಒಡೆದ ಮೇಲೆ ಉಳಿಯುವವರು ಕಡಿಮೆ. 1955ರಲ್ಲಿ ವಿಜ್ಞಾನಿ ಐನ್‌ಸ್ಟೈನ್ ತೀರಿಕೊಂಡದ್ದು ಇದರಿಂದಲೇ. ವಯಸ್ಸು, ರಕ್ತದೊತ್ತಡ, ಎಲ್ಲಕ್ಕಿಂತ ಹೆಚ್ಚಾಗಿ ಬೀಡಿ ಸಿಗರೇಟು ಇದಕ್ಕೆ ದಾರಿ ಮಾಡಿಕೊಡುತ್ತವೆ.

ಪತ್ತೆ ಹಚ್ಚುವುದು ಕಷ್ಟವಲ್ಲ. ಬಸುರಿಯರಿಗೆ ಮಾಡುವ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಸಾಕು. ಸೂಜಿಯಿಲ್ಲ, ವಿಕಿರಣವಿಲ್ಲ, ಕೆಲವೇ ನಿಮಿಷಗಳ ಕೆಲಸ. ಇಂಗ್ಲೆಂಡಿನಲ್ಲಿ 65ನೆಯ ವಯಸ್ಸಿನ ಗಂಡಸರನ್ನು ಕರೆದು ಉಚಿತವಾಗಿ ಒಮ್ಮೆ ನೋಡುತ್ತಾರೆ. ಉಬ್ಬು ಚಿಕ್ಕದಾದರೆ ನಿಗದಿತ ಅವಧಿಗೊಮ್ಮೆ ಅಳೆಯುತ್ತಾರೆ. ಗಂಡಸರಲ್ಲಿ 5.5 ಸೆಂ.ಮೀ. ತಲುಪಿದಾಗ ಶಸ್ತ್ರಚಿಕಿತ್ಸೆಯ ವಿಚಾರ, ಆಗ ಸಿ.ಟಿ. ಆಂಜಿಯೋಗ್ರಾಂ ಬೇಕಾಗುತ್ತದೆ. ಎದೆಯ ಭಾಗದ ದೋಷಗಳಿಗೆ ಎಕೋ, ಸಿ.ಟಿ., ಎಂ.ಆರ್.ಐ. ಪರೀಕ್ಷೆಗಳಿವೆ. ಅಲ್ಲಿ ನಾಳದ ಒಳಪದರ ಸೀಳಿದರೆ ಹೃದಯಾಘಾತದಂತೆಯೇ ಎದೆನೋವು ಬರುತ್ತದೆ. ಆದರೆ ಹೃದಯಾಘಾತಕ್ಕೆ ಕೊಡುವ ಹೆಪ್ಪು ಕರಗಿಸುವ ಚುಚ್ಚುಮದ್ದು ಇಲ್ಲಿ ಪ್ರಾಣಕ್ಕೇ ಎರವಾಗಬಹುದು.

ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ.ಯನ್ನು ಬೆಂಗಳೂರಿನ ಜಯದೇವದಂತಹ ಸಂಸ್ಥೆಯ ತಜ್ಞರು ನೋಡಿ ಸಲಹೆ ಕೊಡುವ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯನ್ನು ಸರ್ಕಾರ ತಂದಿರುವುದು ಸ್ತುತ್ಯರ್ಹ. ಅದರ ಮುಂದಿನ ಹೆಜ್ಜೆಯಾಗಿ, ಬೀಡಿ ಸೇದಿದ ಹಿರಿಯರಿಗೆ ತಾಲ್ಲೂಕು ಆಸ್ಪತ್ರೆಗಳಲ್ಲಿಯೇ ಒಮ್ಮೆ ಉಚಿತ ಹೊಟ್ಟೆಯ ಸ್ಕ್ಯಾನಿಂಗ್ ಆಗಬೇಕು. ಎದೆನೋವೆಂದು ಅಂಬ್ಯುಲೆನ್ಸ್ ಏರುವವರಿಗಿಂತ, ನೋವೇ ಇಲ್ಲದೆ ಜಗುಲಿಯಲ್ಲಿ ಕುಳಿತವರನ್ನು ಕರೆದು ನೋಡುವುದು ಅಗ್ಗದ ಕೆಲಸ.

ಸರ್ಕಾರ ಮಾಡುವವರೆಗೆ ಕಾಯಬೇಕಿಲ್ಲ. ಬೆಂಗಳೂರು, ತುಮಕೂರುಗಳಲ್ಲಿ ನೆಲೆಸಿರುವ ನನ್ನ ವಿದ್ಯಾರ್ಥಿಗಳೇ, ಹಬ್ಬಕ್ಕೆ ಊರಿಗೆ ಬಂದಾಗ ನಿಮ್ಮ ತಂದೆಯವರು, ದೊಡ್ಡಪ್ಪಂದಿರು ಎಷ್ಟು ವರ್ಷ ಬೀಡಿ ಸೇದಿದರೆಂದು ಕೇಳಿರಿ. ಅರವತ್ತೈದು ದಾಟಿದ್ದರೆ ವೈದ್ಯರನ್ನು ವಿಚಾರಿಸಿ ಸ್ಕ್ಯಾನಿಂಗ್ ಮಾಡಿಸಿರಿ. ಆ ವರದಿಯನ್ನು ಪಹಣಿಯಷ್ಟೇ ಜೋಪಾನವಾಗಿಡಿರಿ. ಹಿಂದಿನ ಅಳತೆ ಕೈಯಲ್ಲಿದ್ದರೆ ಮಾತ್ರ ಮುಂದಿನ ಅಳತೆಗೆ ಅರ್ಥ ಬರುತ್ತದೆ.